ಡ್ರ್ಯಾಗ್‌ಲೈನ್ ಮತ್ತು ಕಲ್ಲಿದ್ದಲ ಮೇಲಿನ ಓಬಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಗಣಿ ಎಂದರೆ ಸಂಡೂರಿನ ಕಬ್ಬಿಣದ ಅದಿರು, ಹಟ್ಟಿಯ ಚಿನ್ನ, ಕುಷ್ಟಗಿಯ ಗ್ರಾನೈಟ್. ಕಲ್ಲಿದ್ದಲು ನಮ್ಮ ಕಣ್ಣಿಗೆ ಬೀಳುವುದು ವ್ಯಾಗನ್‌ನಲ್ಲಿ ಬಂದಿಳಿದ ಮೇಲೆ. ಹಾಗಾಗಿ ಅದರ ಮೇಲಿನ ಕಲ್ಲುಮಣ್ಣು (ಓಬಿ, ಅಂದರೆ ಓವರ್‌ಬರ್ಡನ್) ತೆಗೆಯುವ ಡ್ರ್ಯಾಗ್‌ಲೈನ್ ಬಗ್ಗೆ ಇಲ್ಲಿನ ಗಣಿ ಕೆಲಸದವರು, ಡಿಪ್ಲೊಮಾ ಓದುವವರು ಮತ್ತೆ ಮತ್ತೆ ಕೇಳುತ್ತಾರೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇವೆ.

## ಮೊದಲು ತಿಳಿಯಬೇಕಾದ್ದು

ಡ್ರ್ಯಾಗ್‌ಲೈನ್ ಅಂದ್ರ ದೊಡ್ಡ ಹಿಟಾಚಿ ಅಂತ ತಿಳಕೊಂಡ್ರ ಸಾಕಾ?

ಸಾಲದು. ಹಿಟಾಚಿಯ ಬಕೆಟ್ ಗಟ್ಟಿ ತೋಳಿಗೆ ಕೂತಿರುತ್ತದೆ, ಹೈಡ್ರಾಲಿಕ್ ಒತ್ತಡದಿಂದ ಕಲ್ಲಿಗೆ ಹಲ್ಲು ಕಚ್ಚುತ್ತದೆ. ಡ್ರ್ಯಾಗ್‌ಲೈನ್ ಬಕೆಟ್ ಉಕ್ಕಿನ ಹಗ್ಗಗಳಲ್ಲಿ ನೇತಾಡುತ್ತದೆ. ಬೂಮ್ (ಯಂತ್ರದಿಂದ ಓರೆಯಾಗಿ ಚಾಚಿದ ಉದ್ದನೆಯ ತೋಳು) ತುದಿಯ ರಾಟೆ ಮೇಲಿಂದ ಇಳಿಯುವ ಹಾಯ್ಸ್ಟ್ ಹಗ್ಗ ಅದನ್ನು ಎತ್ತುತ್ತದೆ, ಯಂತ್ರದ ಮುಂಭಾಗದ ಫೇರ್‌ಲೀಡ್ (ಹಗ್ಗಕ್ಕೆ ದಾರಿ ಕೊಡುವ ರಾಟೆಗಳು) ಮೂಲಕ ಬರುವ ಡ್ರ್ಯಾಗ್ ಹಗ್ಗ ತನ್ನ ಕಡೆಗೆ ಎಳೆಯುತ್ತದೆ. ಬಕೆಟ್ ಕಚ್ಚುವುದು ತನ್ನ ತೂಕದಿಂದ, ತುಂಬುವುದು ಎಳೆತದಿಂದ. ಮೂರನೆಯದು ಡಂಪ್ ಹಗ್ಗ, ತೀರಾ ಗಿಡ್ಡದ್ದು. ಡ್ರ್ಯಾಗ್ ಹಗ್ಗ ಬಿಗಿಯಾಗಿದ್ದಷ್ಟು ಹೊತ್ತು ಇದು ಬಕೆಟ್ಟಿನ ಬಾಯಿ ಎತ್ತಿ ಹಿಡಿದಿರುತ್ತದೆ, ಸಡಿಲಬಿಟ್ಟರೆ ಬಾಯಿ ಕೆಳಗಾಗಿ ಮಣ್ಣು ಸುರಿಯುತ್ತದೆ. ಕಪಿಲೆ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲೂ ದಪ್ಪ ಹಗ್ಗ ಬಾನಿ ಎತ್ತಿದರೆ, ಸಣ್ಣ ಹಗ್ಗ ಅದರ ಸೊಂಡಿಲನ್ನು ಹಿಡಿದು ಬಿಡುತ್ತಿತ್ತು.

ಇನ್ನೊಂದು ವ್ಯತ್ಯಾಸ ನಿಲ್ಲುವ ಜಾಗದ್ದು. ಡ್ರ್ಯಾಗ್‌ಲೈನ್ ಮೇಲೆ ನಿಂತು, ತನ್ನ ಕಾಲಿಗಿಂತ ಕೆಳಗಿನದನ್ನು ಅಗೆಯುತ್ತದೆ. ಅಗೆದದ್ದನ್ನು ಟಿಪ್ಪರ್‌ಗೆ ತುಂಬುವುದಿಲ್ಲ. ತಿರುಗಿ, ಕಲ್ಲಿದ್ದಲು ತೆಗೆದು ಖಾಲಿಯಾದ ಪಕ್ಕದ ಗುಂಡಿಗೆ ನೇರವಾಗಿ ಸುರಿಯುತ್ತದೆ. ಅದರ ಲಾಭವೆಲ್ಲ ಇಲ್ಲಿದೆ: ಟಿಪ್ಪರ್ ಇಲ್ಲ, ಡೀಸೆಲ್ ಇಲ್ಲ, ಸಾಗಾಟದ ರಸ್ತೆ ಇಲ್ಲ.

24/96 ಅಂತಾರಲ್ರೀ, ಅದೇನು?

ಬಕೆಟ್ 24 ಘನ ಮೀಟರ್, ಬೂಮ್ 96 ಮೀಟರ್. ಮಧ್ಯ ಭಾರತದ ಸಿಂಗ್ರೌಲಿಯ ಕಲ್ಲಿದ್ದಲು ಗಣಿಗಳಲ್ಲಿ 10/70, 15/90, 20/90, 24/96 ಹೀಗೆ ಹಲವು ಅಳತೆಯವು ದುಡಿದಿವೆ. 96 ಮೀಟರ್ ಬೂಮ್ ಎಂದಾಕ್ಷಣ 96 ಮೀಟರ್ ದೂರ ಎಸೆಯುತ್ತದೆ ಎಂದುಕೊಳ್ಳಬೇಡಿ. ಬೂಮ್ ಸುಮಾರು 30 ಡಿಗ್ರಿ ಮೇಲೆ ಬಾಗಿ ನಿಂತಿರುವುದರಿಂದ ಯಂತ್ರದ ನಡುವಿನಿಂದ ಸುರಿಯುವ ಜಾಗಕ್ಕೆ ಸಿಗುವುದು ಸುಮಾರು 88 ಮೀಟರ್. ಲೆಕ್ಕಕ್ಕೆ ಬೇಕಾದ್ದು ಈ ಅಂಕಿಯೇ, ಮುಂದೆ ಬರುತ್ತದೆ.

ಓಬಿ ಅಂದ್ರೆ ಮೇಲ್ಮಣ್ಣೇ ತಾನೆ?

ಎರಡನ್ನೂ ಒಂದೇ ಮಾಡಬೇಡಿ. ಬೇರು ಹೋಗುವಷ್ಟು ಆಳದ ಮಣ್ಣು ಮೇಲ್ಮಣ್ಣು. ಅದನ್ನು ಮೊದಲೇ ಕೆರೆದು ಬೇರೆ ಇಟ್ಟುಕೊಳ್ಳಬೇಕು, ಕಡೆಗೆ ಹಸಿರು ಬೆಳೆಸಲು ಅದೇ ಬೇಕು. ಅದರ ಕೆಳಗೆ ಕಲ್ಲಿದ್ದಲ ತನಕ ಇರುವ ಮರಳುಕಲ್ಲು, ಶೇಲ್, ಜೇಡಿ ಎಲ್ಲ ಓಬಿ. ಒಂದು ಟನ್ ಕಲ್ಲಿದ್ದಲಿಗೆ ಎಷ್ಟು ಘನ ಮೀಟರ್ ಓಬಿ ಎನ್ನುವುದೇ ಸ್ಟ್ರಿಪ್ಪಿಂಗ್ ರೇಷಿಯೊ. 10 ಮೀಟರ್ ದಪ್ಪದ ಪದರದ ಮೇಲೆ 30 ಮೀಟರ್ ಓಬಿ ಇದೆ ಎನ್ನಿ. ಘನ ಮೀಟರಿಗೆ 1.5 ಟನ್ ಹಿಡಿದರೆ ಒಂದು ಚದರ ಮೀಟರಿಗೆ 15 ಟನ್ ಕಲ್ಲಿದ್ದಲು, 30 ಘನ ಮೀಟರ್ ಓಬಿ. ರೇಷಿಯೊ 2.

ನಮ್ಮ ಸಂಡೂರ ಗಣಿಯಾಗ ಡ್ರ್ಯಾಗ್‌ಲೈನ್ ಯಾಕ ತರಂಗಿಲ್ಲ?

ತಂದರೂ ಅದಕ್ಕೆ ಅಲ್ಲಿ ಮಾಡುವ ಕೆಲಸವಿಲ್ಲ. ಡ್ರ್ಯಾಗ್‌ಲೈನ್‌ಗೆ ಬೇಕಾದ್ದು ಹಾಸಿದ ಚಾಪೆಯಂಥ, ಹೆಚ್ಚು ಓರೆಯಿಲ್ಲದ, ಕಿಲೋಮೀಟರ್‌ಗಟ್ಟಲೆ ಹಬ್ಬಿದ ಒಂದೇ ಪದರ. ದೋಣಿಮಲೈ, ಕುಮಾರಸ್ವಾಮಿ ಬೆಟ್ಟ, ರಾಮನದುರ್ಗದ ಸಾಲಿನಲ್ಲಿ ಅದಿರು ಇರುವುದು ಬೆಟ್ಟದ ನೆತ್ತಿಯುದ್ದಕ್ಕೆ, ಕಡಿದಾಗಿ ಓರೆಗೊಂಡ ಪಟ್ಟಿ ಕಲ್ಲಿನ ಜೊತೆ. ಗಣಿಗಾರಿಕೆ ಮೇಲಿಂದ ಬೆಂಚ್ ಬೆಂಚಾಗಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಇಂದು ಅಗೆದ ಬೆಂಚಿನ ಕೆಳಗೆ ಇನ್ನೂ ಅದಿರು ಇರುತ್ತದೆ, ಅಲ್ಲಿಗೆ ವೇಸ್ಟ್ ಸುರಿದರೆ ನಾಳೆ ಅದನ್ನೇ ಮತ್ತೆ ಎತ್ತಬೇಕು. ಹಾಗಾಗಿ ವೇಸ್ಟ್ ದೂರದ ಡಂಪಿಗೆ ಹೋಗಲೇಬೇಕು, ಅದು ಟಿಪ್ಪರ್ ಕೆಲಸ. ಜೊತೆಗೆ ಗ್ರೇಡ್ ನೋಡಿಕೊಂಡು ಹೈ ಗ್ರೇಡ್, ಲೋ ಗ್ರೇಡ್ ಬೇರ್ಪಡಿಸಬೇಕು. 24 ಘನ ಮೀಟರ್ ಬಕೆಟ್ಟಿಗೆ ಅಂಥ ನಾಜೂಕು ಇಲ್ಲ.

ಶಕ್ತಿನಗರಕ್ಕ ಬರೋ ಕಲ್ಲಿದ್ದಲು ಇದರಿಂದ ತೆಗೆದಿದ್ದೇನು?

ಕಲ್ಲಿದ್ದಲನ್ನು ಡ್ರ್ಯಾಗ್‌ಲೈನ್ ತೆಗೆಯುವುದೇ ಇಲ್ಲ. ಅದು ಮೇಲಿನ ಹೊದಿಕೆ ಸರಿಸುತ್ತದೆ, ಕಲ್ಲಿದ್ದಲು ಎತ್ತುವುದು ಶಾವೆಲ್ (ಅಗೆದು ಡಂಪರ್‌ಗೆ ತುಂಬುವ ದೊಡ್ಡ ಯಂತ್ರ), ಲೋಡರ್ ಅಥವಾ ಪದರವನ್ನು ಕೆರೆದು ಕತ್ತರಿಸುವ ಸರ್ಫೇಸ್ ಮೈನರ್. ಶಕ್ತಿನಗರದ ಆರ್‌ಟಿಪಿಎಸ್‌ಗೆ (ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ) ಸಿಂಗರೇಣಿ, ಮಹಾನದಿ, ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಗಣಿಗಳಿಂದ ಕಲ್ಲಿದ್ದಲು ಬರುತ್ತದೆ. ಇಂಥ ಗಣಿಗಳಲ್ಲಿ ಓಬಿಯ ಬಹುಪಾಲು ಹೋಗುವುದು ಶಾವೆಲ್ ಮತ್ತು ಡಂಪರ್‌ನಿಂದಲೇ. ಸಿಂಗರೇಣಿಯ ರಾಮಗುಂಡಂನಲ್ಲಿ ಡ್ರ್ಯಾಗ್‌ಲೈನ್ ದುಡಿದಿದೆ. ದೇಶದಲ್ಲಿ ಇವು ಹೆಚ್ಚಾಗಿ ಇರುವುದು ಮಧ್ಯಪ್ರದೇಶ ಮತ್ತು ಉತ್ತರ ಪ್ರದೇಶದ ಗಡಿಯ ಸಿಂಗ್ರೌಲಿಯಲ್ಲಿ, ನಾರ್ದರ್ನ್ ಕೋಲ್‌ಫೀಲ್ಡ್ಸ್ ಗಣಿಗಳಲ್ಲಿ. ಅಲ್ಲಿ ತುರ್ರಾ ಪದರದ ಮೇಲಿನ, ಪುರೇವಾ ಬಾಟಮ್ ಪದರದ ಕೆಳಗಿನ ಕಲ್ಲನ್ನು ಡ್ರ್ಯಾಗ್‌ಲೈನ್ ತೆಗೆಯುತ್ತದೆ. ಅದಕ್ಕೂ ಮೇಲಿನದು ಶಾವೆಲ್ ಪಾಲು. ಪದರದ ಓರೆ 2–3 ಡಿಗ್ರಿ ಮಾತ್ರ, ಹಾಗಾಗಿ ಯಂತ್ರಕ್ಕೆ ಹೇಳಿ ಮಾಡಿಸಿದ ಜಾಗ.

## ಕೆಲಸ ನಡೆಯುವ ಬಗೆ

ಮೊದಲ ಬಕೆಟ್ ಮಣ್ಣು ಎಲ್ಲಿ ಹಾಕ್ತಾರ? ಆಗಿನ್ನೂ ಖಾಲಿ ಗುಂಡಿ ಇರಂಗಿಲ್ಲಲ್ಲ?

ಸರಿಯಾದ ಪ್ರಶ್ನೆ. ಅದಕ್ಕೇ ಮೊದಲು ಬಾಕ್ಸ್ ಕಟ್ ಎಂಬ ಮೊದಲ ಕಂದಕ ತೋಡುತ್ತಾರೆ, ಸಾಮಾನ್ಯವಾಗಿ ಶಾವೆಲ್ ಮತ್ತು ಡಂಪರ್‌ನಿಂದ. ಆ ಮಣ್ಣು ಗಣಿಯ ಹೊರಗಿನ ಡಂಪಿಗೆ ಹೋಗುತ್ತದೆ. ಅಲ್ಲಿನ ಕಲ್ಲಿದ್ದಲು ತೆಗೆದ ಮೇಲೆ ಸಿಗುವ ಖಾಲಿ ಜಾಗವೇ ಡ್ರ್ಯಾಗ್‌ಲೈನ್‌ಗೆ ಮೊದಲ ಸುರಿಯುವ ತಾಣ.

ಮುಂದಿನದು ಪಟ್ಟಿ ಪಟ್ಟಿಯಾಗಿ, ಒಂದೊಂದರ ಅಗಲ 60 ಮೀಟರ್ ಆಸುಪಾಸು. ಡ್ರಿಲ್ ಮತ್ತು ಬ್ಲಾಸ್ಟ್ ಆದ ಮೇಲೆ ಡೋಜರ್ ಯಂತ್ರ ನಿಲ್ಲುವ ನೆಲವನ್ನು ಸಮ ಮಾಡುತ್ತದೆ. ಡ್ರ್ಯಾಗ್‌ಲೈನ್ ಮೊದಲು ತೆಗೆಯುವುದು ಕೀ ಕಟ್: ಹೊಸ ಹೈವಾಲ್ (ಇನ್ನೂ ಅಗೆಯದ ನೆಲದ ಕಡೆಯ ಕಡಿದಾದ ಗೋಡೆ) ಬರಬೇಕಾದ ಗೆರೆಗೆ ಒತ್ತಿ, ಮೇಲಿಂದ ಕಲ್ಲಿದ್ದಲ ತನಕ ಸೀಳಿದ ಕಿರಿದಾದ ಕಂದಕ. ಇದನ್ನು ತೆಗೆಯುವಾಗ ಬೂಮ್ ಹೈವಾಲ್ ಗೆರೆಯುದ್ದಕ್ಕೇ ನೇರವಾಗಿರಬೇಕು. ಕೀ ಕಟ್ ಬಿಟ್ಟು ನೇರ ಮುಖ್ಯ ಕಟ್‌ಗೆ ಕೈಹಾಕಿದರೆ ಬಕೆಟ್ ಒಂದೇ ಬದಿಯಿಂದ ಎಳೆದು ಗೋಡೆ ಒಳಗೆ ಜಾರುತ್ತಾ ಬರುತ್ತದೆ, ಪಟ್ಟಿ ಪಟ್ಟಿಗೂ ಕಲ್ಲಿದ್ದಲ ಅಗಲ ಕುಗ್ಗುತ್ತದೆ. ಅವಸರದ ಶಿಫ್ಟಿನಲ್ಲಿ ಆಗುವ ತಪ್ಪು ಇದೇ, ಗೊತ್ತಾಗುವುದು ಎರಡು ಪಟ್ಟಿ ಕಳೆದ ಮೇಲೆ. ಕೀ ಕಟ್ ಮುಗಿದರೆ ಯಂತ್ರ ಗುಂಡಿಯ ಅಂಚಿನತ್ತ ಸರಿದು ಉಳಿದ ಭಾಗ ತೆಗೆಯುತ್ತದೆ, ನಂತರ ಒಂದಿಷ್ಟು ಹಿಂದಕ್ಕೆ ನಡೆದು ಮತ್ತೆ ಅದನ್ನೇ ಶುರು ಮಾಡುತ್ತದೆ.

ಒಂದು ಬಕೆಟ್ ತುಂಬಿ ಸುರಿಯಾಕ ಎಷ್ಟು ಹೊತ್ತು?

90 ಡಿಗ್ರಿ ತಿರುಗುವುದಾದರೆ ಸುಮಾರು 60 ಸೆಕೆಂಡ್. ಎಳೆದು ತುಂಬಲು ಕಾಲು ನಿಮಿಷ, ಎತ್ತುತ್ತಾ ತಿರುಗಲು 20 ಸೆಕೆಂಡ್, ಸುರಿಯಲು ಮೂರ್ನಾಲ್ಕು ಸೆಕೆಂಡ್, ಉಳಿದದ್ದು ವಾಪಸ್ ಬಂದು ಬಕೆಟ್ ಇಳಿಸಲು. ನೋಡಬೇಕಾದ್ದು ಎರಡು. ಬಕೆಟ್ ತನ್ನ ಉದ್ದದ ಎರಡು–ಮೂರು ಪಟ್ಟು ಎಳೆತದೊಳಗೆ ತುಂಬಬೇಕು. ತುಂಬದಿದ್ದರೆ ಬ್ಲಾಸ್ಟ್ ಸರಿಯಾಗಿಲ್ಲ, ಇಲ್ಲವೇ ಹಲ್ಲು ಸವೆದಿವೆ. ಇನ್ನೊಂದು, ತಿರುಗುವ ಕೋನ. 90 ಇದ್ದದ್ದು 120 ಆದರೆ ಪ್ರತಿ ಸೈಕಲ್‌ಗೆ ಸುಮಾರು 10 ಸೆಕೆಂಡ್ ಜಾಸ್ತಿ, ಅಂದರೆ ಗಂಟೆಗೆ 60 ಬಕೆಟ್ ಬದಲು 51.

ವರ್ಷಕ್ಕೆ ಎಷ್ಟು ಎತ್ತುತ್ತೆ? ಲೆಕ್ಕ ಹಾಕೋದು ತೋರಿಸಿ.

24/96 ತೆಗೆದುಕೊಳ್ಳೋಣ. ಇವು ಲೆಕ್ಕಕ್ಕೆ ಹಿಡಿದ ಅಂಕಿಗಳು, ನಿಮ್ಮ ಗಣಿಯದನ್ನು ಹಾಕಿಕೊಳ್ಳಿ. ಬಕೆಟ್ ಶೇ. 85 ತುಂಬುತ್ತದೆ: 20.4 ಘನ ಮೀಟರ್. ಆದರೆ ಇದು ಒಡೆದು ಉಬ್ಬಿದ ಕಲ್ಲು. ಉಬ್ಬು ಶೇ. 30 ಎಂದರೆ 1.3ರಿಂದ ಭಾಗಿಸಿ: ನೆಲದಲ್ಲಿದ್ದಾಗಿನ ಗಟ್ಟಿ ಅಳತೆ 15.7. ಗಂಟೆಗೆ 60 ಸೈಕಲ್, 941 ಘನ ಮೀಟರ್. ವರ್ಷದ 8,760 ಗಂಟೆಯಲ್ಲಿ ಯಂತ್ರ ಸುಸ್ಥಿತಿಯಲ್ಲಿರುವುದು ಶೇ. 80, ಅದರಲ್ಲಿ ನಿಜಕ್ಕೂ ಅಗೆಯುವುದು ಶೇ. 75 ಎಂದರೆ 5,256 ಗಂಟೆ. ಒಟ್ಟು ಸುಮಾರು 49.5 ಲಕ್ಷ ಘನ ಮೀಟರ್.

ಇಲ್ಲಿಗೆ ನಿಲ್ಲಿಸಿದರೆ ಲೆಕ್ಕ ಸುಳ್ಳು. ಗಟ್ಟಿ ಓಬಿಯ ಶೇ. 30ರಷ್ಟನ್ನು ಎರಡನೇ ಸಲ ಎತ್ತಬೇಕಿದ್ದರೆ ಮತ್ತೆ 1.3ರಿಂದ ಭಾಗಿಸಬೇಕು. ಕಲ್ಲಿದ್ದಲು ಬಯಲಾಗಲು ಉಪಯೋಗಕ್ಕೆ ಬಂದದ್ದು 38 ಲಕ್ಷ. ವರದಿಯಲ್ಲಿ ಮೊದಲ ಅಂಕಿ ಮಾತ್ರ ಬರೆದು ಬೆನ್ನು ತಟ್ಟಿಕೊಳ್ಳುವವರೂ ಇದ್ದಾರೆ.

ಎರಡನೇ ಸಲ ಯಾಕ ಎತ್ತಬೇಕು? ಮೊದಲೇ ದೂರ ಹಾಕಿದ್ರ ಮುಗೀತಲ್ಲ?

ಕೈಗೆ ಎಟುಕಿದರೆ ತಾನೆ? ಪಟ್ಟಿ 60 ಮೀಟರ್ ಅಗಲ, ಓಬಿ 30 ಮೀಟರ್, ಕಲ್ಲಿದ್ದಲು 10 ಮೀಟರ್ ಎನ್ನಿ. ಒಂದು ಮೀಟರ್ ಉದ್ದಕ್ಕೆ 1,800 ಘನ ಮೀಟರ್ ಗಟ್ಟಿ ಕಲ್ಲು, ಉಬ್ಬಿದ ಮೇಲೆ 2,340. ಇದನ್ನು 60 ಮೀಟರ್ ಅಗಲದೊಳಗೆ ಹಾಕಬೇಕು ಎಂದರೆ ಸರಾಸರಿ ಎತ್ತರ 39 ಮೀಟರ್. ಆದರೆ ಸುರಿದ ಕಲ್ಲು ಸಮತಟ್ಟಾಗಿ ಕೂರುವುದಿಲ್ಲ, ಸುಮಾರು 37 ಡಿಗ್ರಿ ಇಳಿಜಾರಿನ ಕೋಡುಗಳಾಗಿ ನಿಲ್ಲುತ್ತದೆ. ಹಾಗಾಗಿ ಕೋಡಿನ ತುದಿ ತಳದಿಂದ 50 ಮೀಟರ್ ಮೇಲೆ ಬರುತ್ತದೆ.

ಈಗ ಅಡ್ಡ ಅಳೆಯಿರಿ. 50 ಮೀಟರ್ ಕೋಡಿನ ಬುಡದಿಂದ ತುದಿಗೆ ಅಡ್ಡಲಾಗಿ ಸುಮಾರು 67 ಮೀಟರ್. ಹೈವಾಲ್ 70 ಡಿಗ್ರಿ ಇದ್ದರೆ ಅದರ ಬುಡದಿಂದ ಅಂಚಿಗೆ ಇನ್ನೂ 15. ಯಂತ್ರದ ನಡು ಅಂಚಿನಿಂದ 14 ಮೀಟರ್ ಒಳಗಿರಬೇಕು. ಒಟ್ಟು 96 ಮೀಟರ್ ಬೇಕು, ಇರುವುದು 88. ಎಂಟು ಮೀಟರ್ ಕೊರತೆ.

ಇದನ್ನು ತುಂಬಲು ಎಕ್ಸ್‌ಟೆಂಡೆಡ್ ಬೆಂಚ್ ಕಟ್ಟುತ್ತಾರೆ: ಅಗೆದ ಕಲ್ಲನ್ನೇ ಅಂಚಿಗೆ ತುಂಬಿ, ನಿಲ್ಲುವ ನೆಲವನ್ನು ಗುಂಡಿಯತ್ತ ಚಾಚಿ, ಅದರ ಮೇಲೆ ನಿಂತು ದೂರ ಸುರಿಯುವುದು. ಆ ಚಾಚಿದ ಭಾಗ ಕಲ್ಲಿದ್ದಲ ಮೇಲೆ ಕೂತಿದ್ದರೆ ಅದನ್ನೂ ಮತ್ತೆ ಎತ್ತಲೇಬೇಕು. ರಿಹ್ಯಾಂಡ್ಲಿಂಗ್ ಎಂದರೆ ಇದೇ. ಓಬಿ ದಪ್ಪವಾದಷ್ಟೂ ಇದು ಬೇಗ ಬೇಗ ಏರುತ್ತದೆ, ಏಕೆಂದರೆ ಕೋಡು ಎತ್ತರವಾದಂತೆ ದೂರವೂ ಬೆಳೆಯುತ್ತದೆ. ಆಪರೇಟರ್ ಎಷ್ಟೇ ಚುರುಕಾಗಿರಲಿ, ಕಾಗದದ ಮೇಲೆ ಸೋತ ಎಂಟು ಮೀಟರನ್ನು ಸೀಟಿನಲ್ಲಿ ಕೂತು ಗೆಲ್ಲಲಾಗುವುದಿಲ್ಲ. ಬ್ಯಾಲೆನ್ಸಿಂಗ್ ಡಯಾಗ್ರಾಮ್ ಎಂಬ ಈ ಅಡ್ಡಕೊಯ್ತದ ಚಿತ್ರವನ್ನು ಗಣಿ ಶುರುವಾದಾಗ ಒಮ್ಮೆ ಬರೆದು ಗೋಡೆಗೆ ಅಂಟಿಸಿದರೆ ಆಗದು, ಓಬಿ ದಪ್ಪ ಬದಲಾದಾಗೆಲ್ಲ ಹೊಸದಾಗಿ ಬರೆಯಬೇಕು.

ಬ್ಲಾಸ್ಟ್‌ನಲ್ಲೇ ಕಲ್ಲನ್ನು ಆಚೆ ಎಸೆಯೋಕೆ ಆಗಲ್ವಾ?

ಆಗುತ್ತದೆ. ಅದಕ್ಕೆ ಕಾಸ್ಟ್ ಬ್ಲಾಸ್ಟಿಂಗ್ ಎನ್ನುತ್ತಾರೆ. ಹೆಚ್ಚು ಸಿಡಿಮದ್ದು ಹಾಕಿ, ಸಾಲುಗಳ ನಡುವಿನ ವಿಳಂಬ ಸರಿಯಾಗಿ ಕೊಟ್ಟರೆ ಓಬಿಯ ಐದನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗೆ ತಾನಾಗಿ ಗುಂಡಿಯಾಚೆ ಬೀಳಬಹುದು. ಅಷ್ಟು ಕೆಲಸ ಬಕೆಟ್ಟಿಗೆ ತಪ್ಪಿತು. ಬೆಂಚ್ ಎತ್ತರವಾಗಿ, ಪಟ್ಟಿ ಕಿರಿದಾಗಿದ್ದಷ್ಟು ಎಸೆತ ಚೆನ್ನ. ಹಳ್ಳಿ ಹತ್ತಿರವಿದ್ದರೆ ಕಂಪನದ ಮಿತಿ ಅಡ್ಡ ಬರುತ್ತದೆ. ಹೈವಾಲ್ ಗೆರೆಯಲ್ಲಿ ಮೊದಲೇ ಪ್ರಿಸ್ಪ್ಲಿಟ್ ಮಾಡುವುದು ಒಳ್ಳೆಯದು: ಹತ್ತಿರ ಹತ್ತಿರ ರಂಧ್ರ, ಹಗುರ ಮದ್ದು, ಮುಖ್ಯ ಬ್ಲಾಸ್ಟ್‌ಗೂ ಮುಂಚೆ ಹಾರಿಸುವುದು. ಗೋಡೆ ಚಾಕುವಿನಲ್ಲಿ ಕೊಯ್ದಂತೆ ನಿಲ್ಲುತ್ತದೆ. ರಂಧ್ರಗಳನ್ನು ಕಲ್ಲಿದ್ದಲಿಗೆ ಮುಟ್ಟಿಸಬಾರದು. ಮುಟ್ಟಿದರೆ ಪದರದ ತಲೆ ಪುಡಿಯಾಗಿ ಓಬಿ ಜೊತೆ ಹೋಗುತ್ತದೆ.

ಅಷ್ಟು ದೊಡ್ಡ ಯಂತ್ರ ನಡೀತೈತಂತ, ಖರೇನಾ?

ಖರೇ. 24/96ರ ತೂಕ ಹತ್ತಿರ ಹತ್ತಿರ 2,000 ಟನ್, ಚಕ್ರವಾಗಲಿ ಚೈನಾಗಲಿ ಇಲ್ಲ. ಅಗೆಯುವಾಗ ಟಬ್ ಎಂಬ ದುಂಡು ತಳದ ಮೇಲೆ ಕೂತಿರುತ್ತದೆ. ನಡೆಯಬೇಕಾದಾಗ ಎರಡೂ ಬದಿಯ ಉದ್ದನೆ ಶೂಗಳು ಎಕ್ಸೆಂಟ್ರಿಕ್ (ನಡು ತಪ್ಪಿಸಿ ಕೂರಿಸಿದ ಗಾಲಿ) ಮೇಲೆ ಸುತ್ತಿ ನೆಲಕ್ಕೆ ಊರುತ್ತವೆ, ಟಬ್ಬಿನ ಒಂದು ಅಂಚು ಎದ್ದು ಇನ್ನೊಂದು ಎಳೆದುಕೊಂಡು ಬರುತ್ತದೆ. ಹೆಜ್ಜೆ ಸುಮಾರು 2 ಮೀಟರ್, ನಡಿಗೆ ಬೂಮ್‌ಗೆ ಬೆನ್ನಾದ ದಿಕ್ಕಿಗೆ. ಡ್ರ್ಯಾಗ್‌ಲೈನ್ 1904ರಲ್ಲಿ ಅಮೆರಿಕದ ಜಾನ್ ಪೇಜ್ ಕಾಲುವೆ ಕೆಲಸಕ್ಕೆಂದು ಮಾಡಿದ್ದು, ಈ ನಡಿಗೆಯನ್ನು 1913ರಲ್ಲಿ ಕೊಟ್ಟದ್ದು ಆಸ್ಕರ್ ಮಾರ್ಟಿನ್ಸನ್. ನೆಲ ಮಾತ್ರ ಗಟ್ಟಿ ಇರಬೇಕು. ನಮ್ಮ ಎರೆ ನೆಲದಂಥ ಜಾಗದಲ್ಲಿ ಮಳೆ ಬಿದ್ದ ಮೇಲೆ ಶೂ ಹೂತರೆ ಎತ್ತುವುದು ದಿನಗಟ್ಟಲೆ ಕೆಲಸ. ಮೊದಲೇ ಒಡೆದ ಮರಳುಕಲ್ಲು ಹಾಸಿ ಪ್ಯಾಡ್ ಮಾಡುತ್ತಾರೆ.

ಡೀಸೆಲ್ ಇಲ್ಲಾಂದ್ರೆ ಕರೆಂಟ್ ಹೆಂಗ ಹೋಗ್ತದ?

ನಮ್ಮ ದೇಶದಲ್ಲಿ ಸಾಮಾನ್ಯವಾಗಿ 6.6 ಕೆವಿ, ನೆಲದ ಮೇಲೆ ಎಳೆದಾಡುವ ಟ್ರೇಲಿಂಗ್ ಕೇಬಲ್ ಮೂಲಕ. ಹಳೆಯ ಯಂತ್ರಗಳಲ್ಲಿ ಮೋಟರ್–ಜನರೇಟರ್ ಸೆಟ್, ಹೊಸವುಗಳಲ್ಲಿ ಎಸಿ ಡ್ರೈವ್. ಬಕೆಟ್ ಇಳಿಸುವಾಗ, ತಿರುಗುವುದನ್ನು ತಡೆಯುವಾಗ ಯಂತ್ರ ವಿದ್ಯುತ್ತನ್ನು ವಾಪಸ್ ಲೈನಿಗೆ ಕೊಡುತ್ತದೆ. ಹಾಗಾಗಿ ನಿಮಿಷ ನಿಮಿಷಕ್ಕೂ ಲೋಡ್ ಏರಿಳಿಯುತ್ತದೆ. ಕೇಬಲ್ ಸರಿಸಲು ಇನ್ಸುಲೇಟೆಡ್ ಕೊಕ್ಕೆ, ಕೈಗವಸು ಬೇಕೇ ಬೇಕು. ಕರೆಂಟ್ ನೆಲಕ್ಕೆ ಸೋರಿದರೆ ಲೈನ್ ಕಡಿಯುವ ಅರ್ಥ್ ಲೀಕೇಜ್ ರಿಲೇ ಪದೇ ಪದೇ ಟ್ರಿಪ್ ಆಗುತ್ತದೆ ಎಂದು ಬೈಪಾಸ್ ಮಾಡುವುದು ಕೊಲೆಗೆ ಸಮ.

## ಎಲ್ಲಿ ಕೆಡುತ್ತದೆ

ಯಾವ ಹಗ್ಗ ಮೊದಲು ಹರೀತೈತಿ?

ಡಂಪ್ ಹಗ್ಗ. ಸಣ್ಣ ರಾಟೆಯ ಮೇಲೆ ಪ್ರತಿ ಸೈಕಲ್‌ಗೂ ಬಗ್ಗಿ ನೆಟ್ಟಗಾಗುತ್ತದೆ. ಅದನ್ನು ಬದಲಿಸುವುದು ದಿನನಿತ್ಯದ ಕೆಲಸದಂತೆ, ಕತ್ತರಿಸಿದ ತುಂಡುಗಳು ಸಿದ್ಧವಿರಬೇಕು. ನಂತರದ್ದು ಡ್ರ್ಯಾಗ್ ಹಗ್ಗ, ಕಲ್ಲುಪುಡಿಯಲ್ಲಿ ಉಜ್ಜುತ್ತದೆ. ಬಕೆಟ್ ತುದಿಯ ಕಡೆ ಹೆಚ್ಚು ಸವೆಯುವುದರಿಂದ ಅಷ್ಟು ಕತ್ತರಿಸಿ ಹಾಕುತ್ತಾರೆ, ಇಲ್ಲವೇ ತುದಿ ಬದಲಿಸಿ ಕಟ್ಟುತ್ತಾರೆ. ಹೊಸ ಹಗ್ಗ ಕೂಡಲೇ ಹಾಳಾಗುತ್ತಿದ್ದರೆ ಹಗ್ಗದ ಕಂಪನಿಯನ್ನು ಬೈಯುವ ಮುಂಚೆ ಫೇರ್‌ಲೀಡ್ ರಾಟೆಯ ತೋಡಿಗೆ ಗೇಜ್ ಇಟ್ಟು ನೋಡಿ. ಹಳೆ ಹಗ್ಗ ಅಲ್ಲಿ ತನ್ನ ಎಳೆಗಳ ಅಚ್ಚು ಒತ್ತಿರುತ್ತದೆ, ಹೊಸದು ಅದರ ಮೇಲೆ ಕೂತು ಕತ್ತರಿಯಾಗುತ್ತದೆ.

ಟೈಟ್‌ಲೈನ್ ಅಂದರೆ ಏನು? ಆಪರೇಟರ್‌ಗಳು ಯಾಕೆ ಅಷ್ಟು ಹೆದರ್ತಾರೆ?

ಬಕೆಟ್ ಬೂಮ್ ಹತ್ತಿರ ಇರುವಾಗ ಹಾಯ್ಸ್ಟ್, ಡ್ರ್ಯಾಗ್ ಎರಡೂ ಹಗ್ಗ ಒಟ್ಟಿಗೆ ಬಿಗಿದರೆ ಒಂದನ್ನೊಂದು ಜಗ್ಗಾಡುತ್ತವೆ. ಆ ಬಲ ಹೋಗುವುದು ಬೂಮ್‌ಗೆ. ಬೂಮ್ ಹಾಳಾದರೆ ತಿಂಗಳುಗಟ್ಟಲೆ ಯಂತ್ರ ನಿಂತಿತು. ಒಂದೇ ಸಲ ಮುರಿಯದಿದ್ದರೂ ಅಡ್ಡಪಟ್ಟಿಗಳು ಮುಖ್ಯ ಕೊಳವೆಗೆ ಸೇರುವ ವೆಲ್ಡಿಂಗ್‌ನಲ್ಲಿ ಬಿರುಕು ಹುಟ್ಟುತ್ತದೆ. ಕೆಲ ಮಾದರಿಗಳಲ್ಲಿ ಕೊಳವೆಯೊಳಗೆ ಒತ್ತಡದಲ್ಲಿ ಅನಿಲ ತುಂಬಿರುತ್ತಾರೆ, ಒತ್ತಡ ಇಳಿದರೆ ಎಲ್ಲೋ ಬಿರುಕಿದೆ ಎಂದು ಅರ್ಥ. ಬಕೆಟ್ ಇನ್ನೂ ನೆಲದಲ್ಲಿ ಕಚ್ಚಿಕೊಂಡಿರುವಾಗಲೇ ತಿರುಗಿಸುವುದೂ ಅಷ್ಟೇ ಕೆಟ್ಟದ್ದು, ಬೂಮ್ ಅಡ್ಡಕ್ಕೆ ತಿರುಚುತ್ತದೆ.

ಸುರಿದ ರಾಶಿ ಜಾರೋದು ಯಾಕೆ? ಇಳಿಜಾರು 37 ಡಿಗ್ರಿ ಇದ್ರೆ ನಿಲ್ಲಬೇಕಲ್ಲ?

ಇಳಿಜಾರು ನೋಡಿ ಸಮಾಧಾನಪಟ್ಟುಕೊಂಡರೆ ಮೋಸ ಹೋಗುತ್ತೀರಿ, ರಾಶಿ ಹೆಚ್ಚಾಗಿ ಜಾರುವುದು ಬುಡದಿಂದ. ತಳದಲ್ಲಿ ಕಲ್ಲಿದ್ದಲ ಕೆಸರು ಬಿಟ್ಟು ಅದರ ಮೇಲೆ ಸುರಿದರೆ, ಪದರದ ಕೆಳಗೆ ಜೇಡಿ ಇದ್ದರೆ, ನೀರು ನಿಂತಿದ್ದರೆ, ತಳದ ಓರೆ ಗುಂಡಿಯತ್ತ ಇದ್ದರೆ ಇಡೀ ಕೋಡು ಮುಂದೆ ಜರುಗುತ್ತದೆ. ಕಲ್ಲಿದ್ದಲು ಎತ್ತಿದ ಮೇಲೆ ತಳ ಕೆರೆದು ಸ್ವಚ್ಛ ಮಾಡಿ, ನೀರು ಪಂಪ್ ಮಾಡಿ, ನುಣ್ಣನೆ ತಳವನ್ನು ಅಗತ್ಯವಿದ್ದರೆ ಬ್ಲಾಸ್ಟ್ ಮಾಡಿ ಒರಟು ಮಾಡಬೇಕು. ಮೊದಲು ಸುರಿಯುವುದು ಗಟ್ಟಿ ಮರಳುಕಲ್ಲು, ಜೇಡಿ ಮಣ್ಣು ಮೇಲಕ್ಕೆ. ರಾಶಿಯ ಬುಡದಲ್ಲಿ ಕಲ್ಲಿದ್ದಲ ಸಣ್ಣ ದಿಂಡು ಬಿಡುವುದೂ ತಡೆಗಾಗಿಯೇ. ತಲೆಯ ಮೇಲೆ ಗುಂಡಿಗೆ ಸಮಾನಾಂತರವಾಗಿ ಬಿರುಕು ಕಂಡರೆ, ಬುಡ ಉಬ್ಬಿದರೆ ಕೆಳಗಿನ ಶಾವೆಲ್, ಜನ ಎಲ್ಲರನ್ನೂ ಆ ಕ್ಷಣವೇ ತೆಗೆಯಬೇಕು. 2016ರ ಡಿಸೆಂಬರ್ 29ರಂದು ಜಾರ್ಖಂಡ್‌ನ ಲಾಲ್‌ಮಟಿಯಾದಲ್ಲಿ ಓಬಿ ಕುಸಿದು 23 ಮಂದಿ ಸತ್ತರು.

## ಇನ್ನೂ ಮುಂದಕ್ಕೆ

ಎರಡು ಡ್ರ್ಯಾಗ್‌ಲೈನ್ ಒಂದೇ ಗುಂಡಿಯಾಗ ಇಟ್ರ ಲಾಭ ಐತಾ?

ಓಬಿ ಒಂದರ ಕೈಗೆ ಮೀರಿದಾಗ ಇದೆ. ಒಂದು ಮುಂದೆ ಮೇಲಿನ ಭಾಗ ತೆಗೆದು ಬೆಂಚ್ ಕಟ್ಟುತ್ತದೆ, ಇನ್ನೊಂದು ಹಿಂದೆ ಬಂದು ಕೆಳಭಾಗ ತೆಗೆದು ದೂರ ಎಸೆಯುತ್ತದೆ. ತೊಂದರೆ ಎಂದರೆ ಒಂದು ನಿಂತರೆ ಸ್ವಲ್ಪ ದಿನದಲ್ಲಿ ಇನ್ನೊಂದೂ ನಿಲ್ಲುತ್ತದೆ. ಎರಡರ ನಡುವೆ ಕೆಲವು ವಾರಗಳ ಕೆಲಸದ ಅಂತರ ಇರಲೇಬೇಕು.

ಹೊಸ ಗಣಿಗಳು ಡ್ರ್ಯಾಗ್‌ಲೈನ್ ಬಿಟ್ಟು ಡಂಪರ್ ಹಿಂದೆ ಹೋಗ್ತಿವೆಯಲ್ಲ, ಯಾಕೆ?

ಘನ ಮೀಟರಿಗೆ ಖರ್ಚು ಡ್ರ್ಯಾಗ್‌ಲೈನ್‌ದೇ ಕಡಿಮೆ. ಆದರೆ ಯಂತ್ರ ತಂದು ಜೋಡಿಸಲು ವರ್ಷಗಳು ಹಿಡಿಯುತ್ತವೆ, ಬಂಡವಾಳ ಮೊದಲೇ ಸುರಿಯಬೇಕು, ಗಣಿ ದಶಕಗಟ್ಟಲೆ ಬಾಳಬೇಕು. ಪದರಗಳು ಹಲವಿದ್ದರೆ, ಓರೆ ಜಾಸ್ತಿ ಇದ್ದರೆ, ಭೂಮಿ ತುಂಡು ತುಂಡಾಗಿ ಸಿಕ್ಕರೆ ಅದಕ್ಕೆ ಉದ್ದನೆಯ ಪಟ್ಟಿ ಸಿಗುವುದಿಲ್ಲ. ಡಂಪರ್ ಹತ್ತು ಇದ್ದಲ್ಲಿ ಒಂದು ಕೆಟ್ಟರೆ ಒಂಬತ್ತು ಓಡುತ್ತವೆ. ಅಮೆರಿಕದ ಓಹಿಯೊದಲ್ಲಿ ಸುಮಾರು 168 ಘನ ಮೀಟರ್ ಬಕೆಟ್ಟಿನ ಬಿಗ್ ಮಸ್ಕಿ 1969ರಿಂದ 1991ರವರೆಗೆ ದುಡಿಯಿತು, 1999ರಲ್ಲಿ ಗುಜರಿಗೆ ಹೋಯಿತು. ಆ ಗಾತ್ರದ ಇನ್ನೊಂದನ್ನು ಯಾರೂ ಕಟ್ಟಲಿಲ್ಲ.

ಕೋಡು ಕೋಡಾಗಿ ಬಿಟ್ಟ ಮಣ್ಣನ್ನು ಆಮೇಲೆ ಏನ್ ಮಾಡ್ತಾರೆ?

ಡೋಜರ್ ಕೋಡು ಕಡಿದು ಕಣಿವೆ ತುಂಬುತ್ತದೆ. ಶಾವೆಲ್ ಬೆಂಚಿನ ಓಬಿಯನ್ನೂ ಡಂಪರ್‌ಗಳು ಅದರ ಮೇಲೆಯೇ ಹಾಕುವುದುಂಟು. ಕೊನೆಗೆ ಎತ್ತಿಟ್ಟ ಮೇಲ್ಮಣ್ಣು, ಹುಲ್ಲು, ಗಿಡ. ಸಂಡೂರಿನಲ್ಲಿ ಡಂಪ್ ಬುಡದ ತಡೆಗೋಡೆ, ಚೆಕ್ ಡ್ಯಾಮ್ ನೋಡಿದವರಿಗೆ ಇದು ಹೊಸದಲ್ಲ. ಕಡೆಯ ಪಟ್ಟಿಯ ಗುಂಡಿ ಮಾತ್ರ ಉಳಿದೇ ಉಳಿಯುತ್ತದೆ, ಹೆಚ್ಚಾಗಿ ನೀರು ತುಂಬಿ ಕೆರೆಯಾಗುತ್ತದೆ.

ನನ್ನ ಹತ್ರ ಸಂಡೂರಿನ ಅನುಭವದ ಮೇಲೆ ತಗೊಂಡ ಫೋರ್‌ಮನ್ ಸರ್ಟಿಫಿಕೇಟ್ ಐತಿ. ಕಲ್ಲಿದ್ದಲು ಗಣಿಗೆ ನಡೀತೈತಾ?

ಅದೇ ಹುದ್ದೆಗೆ ನೇರ ನಡೆಯುವುದಿಲ್ಲ. ಮೇಟ್, ಫೋರ್‌ಮನ್ ಸರ್ಟಿಫಿಕೇಟ್‌ಗಳು 1961ರ ಲೋಹ ಗಣಿ ನಿಯಮಾವಳಿಯವು. ಕಲ್ಲಿದ್ದಲಿಗೆ 2017ರ ಕಲ್ಲಿದ್ದಲು ಗಣಿ ನಿಯಮಾವಳಿ, ಅಲ್ಲಿ ಬೇಕಾದ್ದು ಸರ್ದಾರ್, ಓವರ್‌ಮನ್ ಸರ್ಟಿಫಿಕೇಟ್. ಎರಡನ್ನೂ ಕೊಡುವುದು ಡಿಜಿಎಂಎಸ್, ಅಂದರೆ ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ಓಪನ್‌ಕಾಸ್ಟ್‌ಗೆ ಸೀಮಿತವಾದದ್ದು ಬೇರೆ, ಭೂಗತಕ್ಕೂ ಸಲ್ಲುವುದು ಬೇರೆ, ಅರ್ಜಿ ಹಾಕುವಾಗ ಗಮನವಿರಲಿ. ಡ್ರ್ಯಾಗ್‌ಲೈನ್ ಸೀಟಿಗಂತೂ ಸಾಮಾನ್ಯವಾಗಿ ಕಂಪನಿಯೊಳಗೆ ವರ್ಷಗಟ್ಟಲೆ ಶಾವೆಲ್ ಓಡಿಸಿದವರನ್ನೇ ಆರಿಸಿ ತರಬೇತಿ ಕೊಡುತ್ತಾರೆ. ಎಲೆಕ್ಟ್ರಿಷಿಯನ್, ಫಿಟ್ಟರ್ ಐಟಿಐ ಆದವರಿಗೆ ಆ ಯಂತ್ರದ ಹತ್ತಿರ ಹೋಗುವ ದಾರಿ ಅದಕ್ಕಿಂತ ಹತ್ತಿರದ್ದು.